ಅಡುಗೆಮನೆಯ ತೊಟ್ಟಿಯಲ್ಲಿ ಅಣುಗಳ ಅಳತೆ

ಜಿಡ್ಡಿನ ಪಾತ್ರೆ ಅದ್ದಿದ ನೀರಿಗೆ ಸೋಪಿನ ಹನಿ ಬಿದ್ದೊಡನೆ ಎಣ್ಣೆಯ ಪೊರೆ ಅಂಚಿಗೆ ಓಡುತ್ತದಲ್ಲ, ಏಕೆ ಎಂದು ಓದುಗರೊಬ್ಬರು ಕೇಳಿದ್ದಾರೆ. ಸೋಪು ಬಿದ್ದಲ್ಲಿ ನೀರಿನ ಮೇಲ್ಮೈ ಎಳೆತ ಕುಗ್ಗುತ್ತದೆ. ಸುತ್ತಲಿನ ನೀರು ಬಲವಾಗಿ ಎಳೆದುಕೊಳ್ಳುವುದರಿಂದ ಪೊರೆ ಅತ್ತ ಸರಿಯುತ್ತದೆ. ಇಷ್ಟು ಹೇಳಿದಾಗಲೆಲ್ಲ ನನಗೆ ಆಗ್ನೆಸ್ ಪೊಕೆಲ್ಸ್ ನೆನಪಾಗುತ್ತಾರೆ.

ಜರ್ಮನಿಯ ಬ್ರೌನ್‌ಷ್ವೈಗ್‌ನಲ್ಲಿ ಕಾಯಿಲೆಯ ತಂದೆತಾಯಿಯನ್ನು ನೋಡಿಕೊಳ್ಳುತ್ತ ಮನೆವಾರ್ತೆ ನಡೆಸುತ್ತಿದ್ದವರು ಆಕೆ. ವಿಶ್ವವಿದ್ಯಾಲಯದ ಬಾಗಿಲು ಹೆಣ್ಣುಮಕ್ಕಳಿಗೆ ಆಗ ಮುಚ್ಚಿತ್ತು. ಭೌತಶಾಸ್ತ್ರದ ಪುಸ್ತಕಗಳು ಸಿಗುತ್ತಿದ್ದದ್ದು ಗಟಿಂಗೆನ್‌ನಲ್ಲಿ ಓದುತ್ತಿದ್ದ ತಮ್ಮನಿಂದ. ಮೇಲ್ಮೈ ಎಳೆತದ ಈ ಗುಣವನ್ನು ಪಾತ್ರೆ ತೊಳೆಯುತ್ತಲೇ ಕಂಡುಹಿಡಿದರು ಎಂಬ ಕಥೆ ಜನಪ್ರಿಯ. ಆದರೆ ಪಾತ್ರೆಯನ್ನು ಎಲ್ಲರೂ ತೊಳೆದಿದ್ದಾರೆ, ಅಳೆದವರು ಆಕೆಯೊಬ್ಬರೇ. ಹೆಚ್ಚುಗಾರಿಕೆ ಇರುವುದು ಅಲ್ಲಿ.

ಸುಮಾರು 20ರ ವಯಸ್ಸಿನಲ್ಲಿ ಆಕೆ ಮಾಡಿಕೊಂಡ ಸಲಕರಣೆ ಇದು: 70 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ತಗಡಿನ ತೊಟ್ಟಿ. ಕಂಠದವರೆಗೆ ನೀರು. ಅಡ್ಡಲಾಗಿ ನೀರು ಮುಟ್ಟುವಂತೆ ಒಂದು ತಗಡಿನ ಪಟ್ಟಿ. ಪಟ್ಟಿಯನ್ನು ಸರಿಸಿದರೆ ಒಂದು ಬದಿಯ ಮೇಲ್ಮೈ ಕಿರಿದಾಗುತ್ತದೆ, ಇನ್ನೊಂದು ಹಿಗ್ಗುತ್ತದೆ. ಮೇಲ್ಮೈಯ ಕೊಳೆಯನ್ನು ಗುಡಿಸಿ ತೆಗೆಯುವುದಕ್ಕೂ ಅದೇ ಪಟ್ಟಿ! ತಕ್ಕಡಿಯಿಂದ ಇಳಿಬಿಟ್ಟ 6 ಮಿಲಿಮೀಟರಿನ ಬಿಲ್ಲೆಯನ್ನು ನೀರಿಗೆ ತಾಗಿಸಿ, ಅದನ್ನು ಕಿತ್ತೆತ್ತಲು ಎಷ್ಟು ತೂಕ ಬೇಕೆಂದು ನೋಡಿದರೆ ಮೇಲ್ಮೈ ಎಳೆತ ಸಿಕ್ಕಿತು.

ಜಿಡ್ಡು ತಾಗಿದ ಮೇಲ್ಮೈಯನ್ನು ಕಿರಿದು ಮಾಡುತ್ತ ಹೋದರೆ ಮೊದಮೊದಲು ಎಳೆತ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಒಂದು ಹಂತ ದಾಟಿತೋ, ಥಟ್ಟನೆ ಇಳಿಯತೊಡಗುತ್ತದೆ. ಜಾತ್ರೆಯ ಬಯಲಲ್ಲಿ ಚೆದುರಿ ನಿಂತ ಜನರನ್ನು ಹಗ್ಗ ಹಿಡಿದು ಒತ್ತರಿಸುತ್ತ ಬಂದರೆ ಮೊದಲು ಹಗ್ಗಕ್ಕೆ ಏನೂ ತಾಗದು. ಭುಜಕ್ಕೆ ಭುಜ ತಗುಲಿದ ಗಳಿಗೆಯಿಂದ ಜನ ಹಗ್ಗವನ್ನೇ ತಳ್ಳುತ್ತಾರೆ. ನೀರಿನ ಮೇಲೆ ಒಂದೇ ಪದರದಲ್ಲಿ ನಿಂತ ಜಿಡ್ಡಿನ ಅಣುಗಳೂ ಹಾಗೆಯೇ.

1891ರ ಜನವರಿಯಲ್ಲಿ ಆಕೆ ಇದನ್ನೆಲ್ಲ ಜರ್ಮನ್ ಭಾಷೆಯಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಗೆ ಬರೆದರು. ಎಣ್ಣೆಯ ಪೊರೆಯ ಮೇಲೆ ಅವರದೂ ಕೆಲಸ ನಡೆದಿತ್ತು. ಆದರೂ ಪತ್ರವನ್ನು ಹೆಂಡತಿಯಿಂದ ಅನುವಾದ ಮಾಡಿಸಿ, ಪ್ರಕಟಿಸಿರೆಂದು ತಾವೇ ಕೇಳಿ 'ನೇಚರ್' ಪತ್ರಿಕೆಗೆ ಕಳಿಸಿದರು; ಮಾರ್ಚ್ 12ರ ಸಂಚಿಕೆಯಲ್ಲಿ ಅದು ಅಚ್ಚಾಯಿತು. ಇಂಥ ದೊಡ್ಡತನ ವಿಜ್ಞಾನದ ಚರಿತ್ರೆಯಲ್ಲಿ ಅಪರೂಪ. ಆಕೆ ಕಂಡ ಆ ಹಂತದಲ್ಲಿ ಪೊರೆ ಒಂದೇ ಅಣುವಿನಷ್ಟು ದಪ್ಪ, ಅಂದರೆ ಸುಮಾರು 1 ನ್ಯಾನೋಮೀಟರ್ ಎಂದು 1899ರಲ್ಲಿ ರೇಲಿ ಲೆಕ್ಕ ಹಾಕಿದರು.

ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಇದೇ ಬಗೆಯ ತೊಟ್ಟಿಯನ್ನು ಸುಧಾರಿಸಿ ಬಳಸಿದರು. ಮೇಲ್ಮೈ ರಸಾಯನಶಾಸ್ತ್ರಕ್ಕಾಗಿ ಅವರಿಗೆ 1932ರಲ್ಲಿ ನೊಬೆಲ್ ಬಂತು. ಅದೇ ವರ್ಷ, ಎಪ್ಪತ್ತರ ಪೊಕೆಲ್ಸ್‌ಗೆ ಬ್ರೌನ್‌ಷ್ವೈಗ್‌ನ ತಾಂತ್ರಿಕ ವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಪ್ರಯೋಗಾಲಯಗಳಲ್ಲಿ ಆ ತೊಟ್ಟಿಗೆ ಇಂದಿಗೂ ಲ್ಯಾಂಗ್‌ಮ್ಯೂರ್ ಹೆಸರೇ. ಅದರಲ್ಲಿ ಪೊಕೆಲ್ಸ್ ಹೆಸರೂ ಸೇರಬೇಕು.