ಕಾರಿನ ಮುಂಗಾಲಿಯ ಬ್ರೇಕು ಬಿಚ್ಚುವಾಗ ಜೋಕೆ



ಬಂಡಿಯ ಕಡಗೀಲು ಕೀಳುವ ಮುಂಚೆ ಅಚ್ಚಿಗೆ ಆಸರೆ ಕೊಡಬೇಕೆಂಬುದು ನಿಮಗೆ ಹೊಸ ಮಾತಲ್ಲ. ಈಗ ಅನೇಕರ ಅಂಗಳದಲ್ಲಿ ಕಾರೂ ನಿಂತಿದೆ. ಕಮಲಾಪುರದ ಕಡೆಯಿಂದ ಹುಮನಾಬಾದ ರಸ್ತೆ ಹಿಡಿದು ಕಪನೂರಿಗೆ, ಕಲಬುರಗಿಗೆ ಓಡಾಟ ಇದ್ದೇ ಇದೆ. ಮಳೆಗಾಲದಾಗ ಹೊಲದ ದಾರಿಯ ಎರೆಮಣ್ಣಿನ ರಾಡಿ ಗಾಲಿಯೊಳಗೆ ಮೆತ್ತಿ ಒಣಗಿತೆಂದರೆ ಬ್ರೇಕಿನ ಪಿನ್ನುಗಳು ಬಿಗಿಯುತ್ತವೆ. ಆಗ ಬ್ರೇಕು ಒತ್ತಿದರೆ ಕಾರು ಒಂದೇ ಬದಿಗೆ ಎಳೆಯುತ್ತದೆ. ಒಂದು ಗಾಲಿ ಹೆಚ್ಚು ಬಿಸಿಯಾಗುತ್ತದೆ. ಬಲ್ಲ ಮಿಸ್ತ್ರಿಗೆ ತೋರಿಸುವುದೇ ಚಲೋ. ಮನೆಯಲ್ಲೇ ಬಿಚ್ಚುವವರು ಮಾತ್ರ ಕ್ರಮ ತಪ್ಪಬಾರದು.

ಮುಂಗಾಲಿಯ ಜೊತೆ ಒಂದು ಕಬ್ಬಿಣದ ತಟ್ಟೆ ತಿರುಗುತ್ತದೆ. ಅದನ್ನು ಎರಡೂ ಮಗ್ಗುಲಿಂದ ಇಕ್ಕಳದಂತೆ ಹಿಡಿಯುವುದೇ ಕ್ಯಾಲಿಪರ್. ಅದರೊಳಗೆ ಎರಡು ಪ್ಯಾಡುಗಳು. ಹೆಚ್ಚಿನ ಸಣ್ಣ ಕಾರುಗಳಲ್ಲಿ ಈ ಕ್ಯಾಲಿಪರು 2 ಪಿನ್ನುಗಳ ಮೇಲೆ ಸರಿದಾಡುತ್ತದೆ.

ಮೊದಲು ಕಾರನ್ನು ಗಟ್ಟಿ, ಸಮ ನೆಲದ ಮೇಲೆ ನಿಲ್ಲಿಸಿ ತಣಿಯಲು ಬಿಡಿ. ಕೈಬ್ರೇಕು ಎಳೆದು, ಹಿಂಗಾಲಿಗಳಿಗೆ ಹಿಂದೆ ಮುಂದೆ ಕಟ್ಟಿಗೆಯ ಅಡೆ ಕೊಡಿ. ಗಾಲಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ತುಸು ಸಡಿಲಿಸಿರಿ. ಆಮೇಲೆ ಜಾಕ್ ಏರಿಸಿ. ಜಾಕ್ ಇರುವುದು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕೆ ಅಲ್ಲ. ಎತ್ತಿದ ಕೂಡಲೇ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಭಾರ ಇಳಿಸಿ. "ಇಟ್ಟಂಗಿ ಪೇರಿಸಿದರ ಆಗೂದಿಲ್ಲೇನ್ರಿ?" ಎಂದು ಕೇಳುವವರಿದ್ದಾರೆ. ಆಗೂದಿಲ್ಲ. ಇಟ್ಟಂಗಿಯಾಗಲಿ ಶಹಾಬಾದ ಫರಸಿಯಾಗಲಿ ಸುಳಿವು ಕೊಡದೆ ಸೀಳುತ್ತವೆ. ಕೆಳಗಿದ್ದವರು ಉಳಿಯುವುದು ಕಷ್ಟ.

ಗಾಲಿ ತೆಗೆದ ಮೇಲೆ ಕ್ಯಾಲಿಪರಿನ ಹಿಂದಿನ 2 ಬೋಲ್ಟುಗಳನ್ನು ಸರಿಯಾದ ಅಳತೆಯ ಪಾನಾದಿಂದ ಬಿಚ್ಚಿ. ಎಣ್ಣೆಯ ರಬ್ಬರ್ ಪೈಪಿನ ಬೋಲ್ಟು ಮುಟ್ಟಬೇಡಿ. ಬಿಚ್ಚಿದರೆ ಗಾಳಿ ಸೇರಿ ಬ್ರೇಕು ಸತ್ತಂತೆ. ಬಿಚ್ಚಿದ ಕ್ಯಾಲಿಪರನ್ನು ಪೈಪಿಗೆ ಜೋತು ಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಪೈಪಿನ ಒಳಗಾಯ ಹೊರಗೆ ಕಾಣುವುದಿಲ್ಲ. ಮುಂದೊಂದು ದಿನ ದಾರಿಯಲ್ಲಿ ಒಡೆಯಬಹುದು. ಆ ಹೊತ್ತಿನಲ್ಲಿ ಹುಡುಗರು ಒಳಗೆ ಕೂತು ಪೆಡಲು ತುಳಿಯದಂತೆ ನೋಡಿಕೊಳ್ಳಿ. ತುಳಿದರೆ ಪಿಸ್ಟನ್ ಹೊರಗೆ ಜಿಗಿಯುತ್ತದೆ. ಒಂದು ಬದಿ ಪೂರ್ತಿ ಜೋಡಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿ. ಪಟ್ಟಿ, ಕ್ಲಿಪ್ಪು ಎಲ್ಲಿ ಕೂಡಬೇಕೆಂದು ಅನುಮಾನ ಬಂದರೆ ಆ ಬದಿ ನೋಡಿದರಾಯಿತು.

ಬ್ರೇಕಿನ ಧೂಳನ್ನು ಬಾಯಿಂದ, ಪಂಪಿನಿಂದ ಊದಬೇಡಿ. ಹಳೆಯ ಪ್ಯಾಡುಗಳಲ್ಲಿ ಪುಪ್ಪುಸಕ್ಕೆ ಕೇಡಾದ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ. ಪಿನ್ನುಗಳಿಗೆ ಬ್ರೇಕಿಗೆಂದೇ ಮಾಡಿದ ಗ್ರೀಸು ಮಾತ್ರ ಸವರಿ. ಬೇರಿಂಗಿನ ಗ್ರೀಸು ರಬ್ಬರನ್ನು ಉಬ್ಬಿಸುತ್ತದೆ. ತಟ್ಟೆಗೆ, ಪ್ಯಾಡಿಗೆ ಜಿಡ್ಡು ತಾಗಬಾರದು. ಹೊಸ ಪ್ಯಾಡು ಹಾಕುವುದಾದರೆ ಎರಡೂ ಮುಂಗಾಲಿಗಳಿಗೆ ಹಾಕಿ. ಪಿಸ್ಟನ್ನನ್ನು ಮೆಲ್ಲಗೆ ಹಿಂದಕ್ಕೆ ಒತ್ತುವಾಗ ಮೇಲಿನ ಬ್ರೇಕೆಣ್ಣೆ ಡಬ್ಬಿ ತುಂಬಿ ಚೆಲ್ಲದಂತೆ ನೋಡುತ್ತಿರಿ. ಚೆಲ್ಲಿದರೆ ಬಣ್ಣ ತಿನ್ನುತ್ತದೆ.

ಬೋಲ್ಟುಗಳನ್ನು ಕಾರಿನ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿಯಿರಿ. ಗಾಲಿ ಇಳಿಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಕಾರು ಅಲುಗಿಸುವ ಮುಂಚೆ ಪೆಡಲು ಗಟ್ಟಿಯಾಗುವ ತನಕ ತುಳಿಯಿರಿ. ಇದನ್ನು ಮರೆತರೆ ಮೊದಲ ತುಳಿತಕ್ಕೆ ಪೆಡಲು ತಳ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಪೆಡಲು ಮೆತ್ತಗೇ ಉಳಿದರೆ ರಸ್ತೆಗೆ ಇಳಿಯದೆ ಮಿಸ್ತ್ರಿಯನ್ನು ಮನೆಗೇ ಕರೆಸಿ.

ಮೂರು ಮಾತು ನೆನಪಿಡಿ: ಭಾರ ಸ್ಟ್ಯಾಂಡಿನ ಮೇಲೆ, ಕ್ಯಾಲಿಪರು ತಂತಿಯ ಮೇಲೆ, ಹೊರಡುವ ಮುಂಚೆ ಕಾಲು ಪೆಡಲಿನ ಮೇಲೆ.