ಜೈವಿಕ ಎಂಜಿನಿಯರಿಂಗ್ ವಿಭಾಗ, ಭಾರತೀಯ ವಿಜ್ಞಾನ ಸಂಸ್ಥೆ

ಜೈವಿಕ ಎಂಜಿನಿಯರಿಂಗ್ ವಿಭಾಗವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಂತರಶಿಸ್ತೀಯ ಸಂಶೋಧನಾ ವಿಭಾಗಗಳಲ್ಲೊಂದು. ಜೀವಕೋಶ, ಅಂಗಾಂಶ ಮತ್ತು ರೋಗಗಳಿಗೆ ಸಂಬಂಧಿಸಿದ ಪ್ರಶ್ನೆಗಳನ್ನು ಎಂಜಿನಿಯರಿಂಗಿನ ಅಳತೆ, ಗಣಿತ ಹಾಗೂ ವಿನ್ಯಾಸಗಳ ನೆರವಿನಿಂದ ಅಧ್ಯಯನ ಮಾಡುವುದು ಇದರ ಕಾರ್ಯಕ್ಷೇತ್ರ. 2015ರಲ್ಲಿ ‘ಜೈವಿಕ ವ್ಯವಸ್ಥೆಗಳ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರ’ ಎಂಬ ಅರ್ಥದ ಹೆಸರಿನಿಂದ ಸ್ಥಾಪನೆಯಾದ ಇದು ಮುಂದೆ ಈಗಿನ ಹೆಸರನ್ನು ಪಡೆಯಿತು. ಯಂತ್ರಗಳನ್ನು ಕಲಿತವರು, ರಾಸಾಯನಿಕ ಕ್ರಿಯೆಗಳ ಗಣಿತ ಬಲ್ಲವರು, ವೈದ್ಯಪದವೀಧರರು, ಜೀವಶಾಸ್ತ್ರಜ್ಞರು ಇಲ್ಲಿ ಒಂದೇ ಪ್ರಶ್ನೆಯ ಸುತ್ತ ಸೇರುತ್ತಾರೆ. ಒಂದು ವಿಷಯವನ್ನು ಆಳವಾಗಿ ಕಲಿತವರು ಮತ್ತೊಂದರ ಬಾಗಿಲು ತಟ್ಟುವ ಈ ರೂಢಿ ಸಂಸ್ಥೆಗೆ ಹೊಸದಲ್ಲ.

ಹಿನ್ನೆಲೆ

ಭಾರತೀಯ ವಿಜ್ಞಾನ ಸಂಸ್ಥೆಯು 1909ರಲ್ಲಿ ಸ್ಥಾಪನೆಯಾಯಿತು. 1921ರಲ್ಲಿ ಅಲ್ಲಿ ಜೀವರಸಾಯನಶಾಸ್ತ್ರ ವಿಭಾಗವು ಆರಂಭವಾಯಿತು. ಆದರೆ ಭೌತಶಾಸ್ತ್ರದ ವಿಧಾನಗಳಿಂದ ಜೀವದ ಅಣುಗಳನ್ನು ಅರಿಯುವ ಕಾರ್ಯಕ್ಕೆ ಅಲ್ಲಿ ಸ್ವತಂತ್ರ ನೆಲೆ ದೊರೆತದ್ದು 1971ರಲ್ಲಿ, ಜಿ. ಎನ್. ರಾಮಚಂದ್ರನ್ ಅವರು ಅಣು ಜೈವಿಕ ಭೌತಶಾಸ್ತ್ರ ಘಟಕವನ್ನು ಕಟ್ಟಿದಾಗ. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸತೀಶ್ ಧವನ್. ವಿಮಾನಶಾಸ್ತ್ರದ ಎಂಜಿನಿಯರೊಬ್ಬರ ಆಡಳಿತಾವಧಿಯಲ್ಲಿ ಜೀವವಿಜ್ಞಾನದ ಇಂತಹ ಘಟಕವೊಂದು ಹುಟ್ಟಿದ್ದು ಗಮನಾರ್ಹ.

ರಾಮಚಂದ್ರನ್ ಅವರ (1922–2001) ವಿದ್ಯಾಭ್ಯಾಸದ ಹಾದಿಯೂ ನೇರವಾದುದಲ್ಲ. ಎರ್ನಾಕುಲಂನಲ್ಲಿ ಜನಿಸಿದ ಅವರು 1942ರಲ್ಲಿ ಬೆಂಗಳೂರಿಗೆ ಬಂದು ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ. ಸ್ವಲ್ಪ ಕಾಲದಲ್ಲೇ ಸಿ. ವಿ. ರಾಮನ್ ಅವರ ಶಿಷ್ಯರಾಗಿ ಭೌತಶಾಸ್ತ್ರಕ್ಕೆ ಬದಲಾಯಿಸಿಕೊಂಡರು. ಸ್ಫಟಿಕಗಳ ಮೇಲೆ ಎಕ್ಸ್-ಕಿರಣಗಳನ್ನು ಹಾಯಿಸಿ ಅವುಗಳ ಒಳರಚನೆಯನ್ನು ತಿಳಿಯುವ ವಿದ್ಯೆಯಲ್ಲಿ ಪರಿಣತಿ ಪಡೆದು, ಕೇಂಬ್ರಿಜ್‌ನಲ್ಲಿ ಸಂಶೋಧನೆ ಮಾಡಿ ಬಂದರು. 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದ ಮೇಲೆ ಅವರು ಕೈಗೆತ್ತಿಕೊಂಡದ್ದು ಕೊಲಾಜೆನ್ ಎಂಬ ಪ್ರೋಟೀನನ್ನು. ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಗಟ್ಟಿತನ ಕೊಡುವ ವಸ್ತು ಇದು. ಮದರಾಸಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿಂದ ದೊರೆತ ಕಾಂಗರೂ ಬಾಲದ ಸ್ನಾಯುರಜ್ಜುವಿನ ಮೇಲೆ ಕೆಲಸಮಾಡಿ, ಗೋಪಿನಾಥ ಕರ್ತಾ ಅವರೊಡನೆ 1954–55ರಲ್ಲಿ ಅದರ ಮೂರೆಳೆಯ ಸುರುಳಿ ರಚನೆಯನ್ನು ಪ್ರಕಟಿಸಿದರು. ಮೂರು ಎಳೆಗಳನ್ನು ಹೊಸೆದ ಹಗ್ಗವನ್ನು ನೆನೆದರೆ ಈ ರಚನೆ ಸುಲಭವಾಗಿ ಮನಸ್ಸಿಗೆ ಬರುತ್ತದೆ. ಎಳೆಗಳು ಅಷ್ಟು ಬಿಗಿಯಾಗಿ ಕೂಡಿಕೊಳ್ಳಬೇಕಾದರೆ ಪ್ರತಿ ಮೂರನೆಯ ಸ್ಥಾನದಲ್ಲಿ ಅತ್ಯಂತ ಚಿಕ್ಕ ಅಮೈನೊ ಆಮ್ಲವಾದ ಗ್ಲೈಸಿನ್ ಇರಲೇಬೇಕು.

1963ರಲ್ಲಿ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ ಪ್ರಕಟಿಸಿದ ‘ರಾಮಚಂದ್ರನ್ ನಕ್ಷೆ’ ಇಂದು ಜಗತ್ತಿನ ಜೀವರಸಾಯನಶಾಸ್ತ್ರದ ಪಠ್ಯಪುಸ್ತಕಗಳಲ್ಲೆಲ್ಲ ಕಾಣಸಿಗುತ್ತದೆ. ಪ್ರೋಟೀನ್ ಸರಪಣಿಯ ಕೊಂಡಿಗಳು ಯಾವ ಕೋನಗಳಲ್ಲಿ ತಿರುಗಬಲ್ಲವು, ಯಾವ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ತಾಗಿ ತಿರುಗಲಾರವು ಎಂಬುದನ್ನು ಅದು ಎರಡು ಅಕ್ಷಗಳ ಮೇಲೆ ತೋರಿಸುತ್ತದೆ. ಜೀವಶಾಸ್ತ್ರದ ಪದವಿಯಿಲ್ಲದವರು ರೇಖಾಗಣಿತದಿಂದ ಜೀವಶಾಸ್ತ್ರಕ್ಕೆ ಕೊಟ್ಟ ಕೊಡುಗೆಯೆಂದು ಇದನ್ನು ಧಾರಾಳವಾಗಿ ಹೇಳಬಹುದು. 1971ರಲ್ಲಿ ಅವರೂ ಎ. ವಿ. ಲಕ್ಷ್ಮೀನಾರಾಯಣನ್ ಅವರೂ ಎಕ್ಸ್-ಕಿರಣ ಚಿತ್ರಗಳಿಂದ ವಸ್ತುವಿನ ಒಳರೂಪವನ್ನು ಮರಳಿ ಕಟ್ಟುವ ಗಣಿತ ವಿಧಾನವೊಂದನ್ನು ಪ್ರಕಟಿಸಿದರು. ಆಸ್ಪತ್ರೆಗಳ ಸಿ.ಟಿ. ಸ್ಕ್ಯಾನ್ ಯಂತ್ರಗಳಲ್ಲಿ ಚಿತ್ರ ಮೂಡಿಸಲು ಇದೇ ಬಗೆಯ ವಿಧಾನವು ಬಹುಕಾಲ ಬಳಕೆಯಲ್ಲಿದೆ.

ಘಟಕಕ್ಕೆ ಬಂದ ಇತರರೂ ಬೇರೆ ಬೇರೆ ಶಿಸ್ತುಗಳವರು. ಪಿ. ಬಲರಾಮ್ ರಸಾಯನಶಾಸ್ತ್ರಜ್ಞರು, ಮುಂದೆ 2005ರಿಂದ 2014ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದರು. ಎಂ. ವಿಜಯನ್ (1941–2022) ಭೌತಶಾಸ್ತ್ರದ ವಿದ್ಯಾರ್ಥಿ. ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಹಾಜ್ಕಿನ್ ಅವರ ತಂಡದಲ್ಲಿದ್ದು ಇನ್ಸುಲಿನ್ನಿನ ರಚನೆಯನ್ನು ಬಿಡಿಸುವ ಕಾರ್ಯದಲ್ಲಿ ಪಾಲ್ಗೊಂಡವರು. ಬೆಂಗಳೂರಿನಲ್ಲಿ ಅವರ ತಂಡವು ಜೀವರಸಾಯನಶಾಸ್ತ್ರಜ್ಞ ಎ. ಸುರೋಲಿಯಾ ಅವರ ಸಹಯೋಗದಲ್ಲಿ ಕಡಲೆಕಾಯಿಯ ಲೆಕ್ಟಿನ್ ಎಂಬ ಪ್ರೋಟೀನಿನ ರಚನೆಯನ್ನು 1994ರಲ್ಲಿಯೂ ಹಲಸಿನ ಬೀಜದ ಜಾಕಲಿನ್ ಪ್ರೋಟೀನಿನ ರಚನೆಯನ್ನು 1996ರಲ್ಲಿಯೂ ಪ್ರಕಟಿಸಿತು. ಅಡುಗೆಮನೆಯ ಪದಾರ್ಥಗಳೇ ಹೀಗೆ ಉನ್ನತ ಸಂಶೋಧನೆಯ ವಸ್ತುಗಳಾದವು.

ಸಂಶೋಧಕರು ಮತ್ತು ಅವರ ಮೂಲಶಿಸ್ತುಗಳು

2015ರ ಕೇಂದ್ರದ ಸ್ಥಾಪಕ ಅಧ್ಯಕ್ಷರು ಜಿ. ಕೆ. ಅನಂತಸುರೇಶ್. ಇವರು ಮೆಕ್ಯಾನಿಕಲ್ ಎಂಜಿನಿಯರ್, ಮದರಾಸಿನ ಐ.ಐ.ಟಿ.ಯಲ್ಲಿ ಪದವಿ, ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು, 2004ರಲ್ಲಿ ಬೆಂಗಳೂರಿಗೆ ಬಂದರು. 2010ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಪಡೆದರು. ಕೀಲು, ತಿರುಗಣೆಗಳಿಲ್ಲದೆ ತಾನೇ ಬಾಗಿ ಬಳುಕಿ ಬಲವನ್ನು ಸಾಗಿಸುವ ಸಾಧನಗಳ ವಿನ್ಯಾಸ ಇವರ ಪರಿಣತಿಯ ವಿಷಯ. ಶಾಂಪೂ ಬಾಟಲಿಯ ಮುಚ್ಚಳಕ್ಕೆ ಕೀಲಿಲ್ಲ. ತೆಳುವಾದ ಪ್ಲಾಸ್ಟಿಕ್ ಪಟ್ಟಿಯೇ ಬಾಗಿ ಕೀಲಿನ ಕೆಲಸ ಮಾಡುತ್ತದೆ. ಈ ತತ್ತ್ವವನ್ನು ಅತಿ ಚಿಕ್ಕ ಗಾತ್ರಕ್ಕೆ ಇಳಿಸಿದರೆ ಜೀವಕೋಶವನ್ನು ಹಿಡಿಯುವ ಇಕ್ಕಳವನ್ನೇ ಮಾಡಬಹುದು. ಹಿಡಿದಾಗ ಇಕ್ಕಳ ಎಷ್ಟು ಬಾಗಿತು ಎಂಬುದರಿಂದ ಕೋಶದ ಗಡಸುತನವನ್ನು ಅಳೆಯಬಹುದು.

ನರೇಂದ್ರ ದೀಕ್ಷಿತ್ ರಾಸಾಯನಿಕ ಎಂಜಿನಿಯರ್. ಕಾರ್ಖಾನೆಯ ಪಾತ್ರೆಯಲ್ಲಿ ಎಷ್ಟು ವಸ್ತು ಹುಟ್ಟಿತು, ಎಷ್ಟು ಕರಗಿತು ಎಂದು ಲೆಕ್ಕವಿಡುವ ಸಮೀಕರಣಗಳು ರೋಗಿಯ ರಕ್ತದಲ್ಲಿ ವೈರಸ್ ಹುಟ್ಟಿ ಅಳಿಯುವ ಲೆಕ್ಕಕ್ಕೂ ಒದಗುತ್ತವೆ. ಹೆಪಟೈಟಿಸ್-ಸಿ ಚಿಕಿತ್ಸೆಯಲ್ಲಿ ರೈಬಾವಿರಿನ್ ಎಂಬ ಔಷಧಿ ಇನ್ನೊಂದು ಔಷಧಿಗೆ ಹೇಗೆ ನೆರವಾಗುತ್ತದೆ ಎಂಬುದನ್ನು ವಿವರಿಸುವ, 2004ರ ‘ನೇಚರ್’ ಪತ್ರಿಕೆಯ ಲೇಖನಕ್ಕೆ ಅವರು ಮೊದಲ ಲೇಖಕರು. ರಾಮ್‌ರೇ ಭಟ್ ವೈದ್ಯಪದವಿ ಪಡೆದ ನಂತರ ಭ್ರೂಣವು ಆಕಾರ ತಳೆಯುವ ಬಗೆಯನ್ನು ಅಭ್ಯಸಿಸಿ, ಈಗ ಕ್ಯಾನ್ಸರ್ ಕೋಶಗಳ ಹರಡುವಿಕೆಯನ್ನು ಶೋಧಿಸುತ್ತಿದ್ದಾರೆ. ಅದೇ ಕ್ಯಾನ್ಸರ್ ಹರಡುವಿಕೆಯನ್ನು ಮೋಹಿತ್ ಕುಮಾರ್ ಜಾಲಿ ಗಣಿತ ಮಾದರಿಗಳಿಂದ ನೋಡುತ್ತಾರೆ. ಅಂಟಿಕೊಂಡಿದ್ದ ಕೋಶವು ಬಿಡಿಯಾಗಿ ಚಲಿಸುವ ಕೋಶವಾಗುವ ನಡುವೆ, ಎರಡೂ ಗುಣಗಳುಳ್ಳ ಮಧ್ಯದ ಸ್ಥಿತಿಯೊಂದು ಇರಬಲ್ಲದು ಎಂಬುದು ಅವರ ಅಧ್ಯಯನದ ಮುಖ್ಯ ವಿಷಯ. ಸಿದ್ಧಾರ್ಥ ಝುಂಝನ್‌ವಾಲಾ ಅವರು ಶರೀರದೊಳಗೆ ಇರಿಸಿದ ಕೃತಕ ವಸ್ತುವಿನ ವಿರುದ್ಧ ರೋಗನಿರೋಧಕ ಕೋಶಗಳು ಹೇಗೆ ವರ್ತಿಸುತ್ತವೆ ಎಂಬುದನ್ನು ಅಭ್ಯಸಿಸುತ್ತಾರೆ.

ಮಧುಮೇಹಿಗಳ ಪಾದರಕ್ಷೆ

ಬೇರೆ ಬೇರೆ ಹಿನ್ನೆಲೆಯವರು ಕೂಡಿದಾಗ ಆಗುವ ಪ್ರಯೋಜನಕ್ಕೆ ಅನಂತಸುರೇಶ್ ಅವರ ತಂಡವು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ರೂಪಿಸಿದ ಪಾದರಕ್ಷೆ ಒಳ್ಳೆಯ ಉದಾಹರಣೆ. ಸಕ್ಕರೆ ಕಾಯಿಲೆ ಬಹುಕಾಲ ಇದ್ದವರಲ್ಲಿ ಪಾದದ ನರಗಳು ಸಂವೇದನೆ ಕಳೆದುಕೊಳ್ಳುತ್ತವೆ. ಆರೋಗ್ಯವಂತರು ಕಾಲು ನೊಂದೊಡನೆ ಅರಿವಿಲ್ಲದೆಯೇ ಭಾರವನ್ನು ಬೇರೆಡೆಗೆ ಸರಿಸುತ್ತಾರೆ. ನೋವೇ ತಿಳಿಯದವರು ಒಂದೇ ಜಾಗದ ಮೇಲೆ ಭಾರ ಹಾಕುತ್ತ ನಡೆಯುತ್ತಾರೆ. ಅಲ್ಲಿ ಹುಣ್ಣಾಗುತ್ತದೆ, ಹುಣ್ಣು ಮಾಯುವುದಿಲ್ಲ, ಕೊನೆಗೆ ಬೆರಳನ್ನೋ ಕಾಲನ್ನೋ ಕತ್ತರಿಸಬೇಕಾಗುತ್ತದೆ. ಮೈಬಗ್ಗಿಸಿ ದುಡಿಯುವ ಕುಟುಂಬದಲ್ಲಿ ಒಬ್ಬರ ಕಾಲು ಹೋದರೆ ಮನೆಯ ಆದಾಯವೇ ನಿಲ್ಲುತ್ತದೆ.

ಸಂಸ್ಥೆಯ ಎಂಜಿನಿಯರುಗಳು ಕರ್ನಾಟಕ ಅಂತಃಸ್ರಾವಶಾಸ್ತ್ರ ಮತ್ತು ಸಂಶೋಧನಾ ಸಂಸ್ಥೆಯ ಪಾದಚಿಕಿತ್ಸಾ ತಜ್ಞರೊಡನೆ ಸೇರಿ ಈ ಪಾದರಕ್ಷೆಯನ್ನು ರೂಪಿಸಿದರು. ಅದರ ಅಟ್ಟೆಯಲ್ಲಿ ಸಣ್ಣ ಸಣ್ಣ ಕಮಾನುಗಳಿವೆ. ಹೆಣ್ಣುಮಕ್ಕಳು ತಲೆಗೆ ಹಾಕುವ, ಒತ್ತಿದೊಡನೆ ‘ಟಿಕ್’ ಎಂದು ಮಗುಚಿಕೊಳ್ಳುವ ಕ್ಲಿಪ್ಪಿನಂತೆ, ಒತ್ತಡವು ಮಿತಿ ಮೀರಿದಲ್ಲಿ ಕಮಾನು ತಾನೇ ಕೆಳಕ್ಕೆ ಮಗುಚಿ ಆ ಜಾಗದ ಭಾರವನ್ನು ಸುತ್ತಲಿನ ಭಾಗಕ್ಕೆ ಹಂಚುತ್ತದೆ. ಹೆಜ್ಜೆ ಎತ್ತಿದಾಗ ಮೊದಲಿನ ಆಕಾರಕ್ಕೆ ಮರಳುತ್ತದೆ. ಇದಕ್ಕೆ ಬ್ಯಾಟರಿಯಾಗಲಿ ಸಂವೇದಕವಾಗಲಿ ಬೇಕಿಲ್ಲ. ನರವು ಮಾಡಬೇಕಾಗಿದ್ದ ಕೆಲಸವನ್ನು ಅಟ್ಟೆಯ ಆಕಾರವೇ ಮಾಡುತ್ತದೆ. ಕಮಾನಿನ ಗಣಿತ ಎಂಜಿನಿಯರಿಗೆ ಗೊತ್ತಿತ್ತು. ಹುಣ್ಣು ಎಲ್ಲಿ, ಎಂಥ ಒತ್ತಡದಲ್ಲಿ ಆಗುತ್ತದೆಂಬುದು ವೈದ್ಯರಿಗೆ ಗೊತ್ತಿತ್ತು.

ಪರಿಭಾಷೆಯ ತೊಡಕು

ಇಂತಹ ಪ್ರಯೋಗಾಲಯದಲ್ಲಿ ಮೊದಲು ಎದುರಾಗುವ ಕಷ್ಟ ಭಾಷೆಯದು. ‘ಸ್ಟ್ರೆಸ್’ ಎಂದರೆ ಮೆಕ್ಯಾನಿಕಲ್ ಎಂಜಿನಿಯರಿಗೆ ಒಂದು ಕ್ಷೇತ್ರಫಲದ ಮೇಲೆ ಬೀಳುವ ಬಲ. ಜೀವಶಾಸ್ತ್ರಜ್ಞರಿಗೆ ಶಾಖದಿಂದಲೋ ಆಹಾರದ ಕೊರತೆಯಿಂದಲೋ ಕೋಶಕ್ಕೆ ಒದಗಿದ ಸಂಕಟ. ‘ವೆಕ್ಟರ್’ ಭೌತಶಾಸ್ತ್ರದಲ್ಲಿ ದಿಕ್ಕುಳ್ಳ ಪರಿಮಾಣ, ಅಣುಜೀವಶಾಸ್ತ್ರದಲ್ಲಿ ಡಿ.ಎನ್.ಎ.ಯನ್ನು ಕೋಶದೊಳಕ್ಕೆ ಒಯ್ಯುವ ವಾಹಕ, ಸಾರ್ವಜನಿಕ ಆರೋಗ್ಯದಲ್ಲಿ ಮಲೇರಿಯಾ ಹರಡುವ ಸೊಳ್ಳೆ. ‘ಮಾಡೆಲ್’ ಎಂದಾಗ ಒಬ್ಬರು ಸಮೀಕರಣವನ್ನೂ ಇನ್ನೊಬ್ಬರು ಇಲಿಯನ್ನೂ ಮನಸ್ಸಿಗೆ ತಂದುಕೊಳ್ಳುತ್ತಾರೆ. ಈ ವಿಷಯಗಳಿಗೆ ಕನ್ನಡ ಪಾರಿಭಾಷಿಕ ಪದಗಳನ್ನು ಹುಡುಕುವವರಿಗೆ ಒಂದೇ ಇಂಗ್ಲಿಷ್ ಪದಕ್ಕೆ ಎರಡು ಮೂರು ಕನ್ನಡ ಪದಗಳು ಬೇಕಾಗುವುದು ಇದರಿಂದಲೇ.

ಅಳತೆಯ ಬಗೆಗಿನ ನಿರೀಕ್ಷೆಯೂ ಬೇರೆಯಾಗಿರುತ್ತದೆ. ಒಂದೇ ಅಚ್ಚಿನ ಎರಡು ಉಕ್ಕಿನ ತುಂಡುಗಳು ಹೆಚ್ಚುಕಡಿಮೆ ಒಂದೇ ರೀತಿ ಬಾಗುತ್ತವೆ. ಒಂದೇ ತಟ್ಟೆಯಲ್ಲಿ ಬೆಳೆದ ಎರಡು ಕೋಶಗಳು ಹಾಗೆ ವರ್ತಿಸಬೇಕೆಂದಿಲ್ಲ. ಎಂಜಿನಿಯರಿಂಗಿನಿಂದ ಬಂದವರಿಗೆ ಈ ಏರುಪೇರು ಪ್ರಯೋಗದ ದೋಷವೆಂದು ತೋರಬಹುದು. ಜೀವಶಾಸ್ತ್ರಜ್ಞರಿಗೆ ಅನೇಕ ವೇಳೆ ಅದೇ ಅಧ್ಯಯನದ ವಿಷಯ. ಔಷಧಿಗೆ ಬಹುಪಾಲು ಕ್ಯಾನ್ಸರ್ ಕೋಶಗಳು ಸತ್ತರೂ ಕೆಲವು ಉಳಿದುಕೊಳ್ಳುವುದು ಈ ಭಿನ್ನತೆಯಿಂದ.

ವಿದ್ಯಾರ್ಥಿಗಳು

ಕೇಂದ್ರದ ಸ್ಥಾಪನೆಗೆ ಮುಂಚೆಯೇ ಸಂಸ್ಥೆಯಲ್ಲಿ ಜೈವಿಕ ಎಂಜಿನಿಯರಿಂಗಿನ ಅಂತರಶಿಸ್ತೀಯ ಪಿಎಚ್.ಡಿ. ಕಾರ್ಯಕ್ರಮ ಆರಂಭವಾಗಿತ್ತು. ಎಂಜಿನಿಯರಿಂಗ್ ಮತ್ತು ವಿಜ್ಞಾನ ಎರಡೂ ಕಡೆಯ ಪದವೀಧರರು ಇದಕ್ಕೆ ಸೇರುತ್ತಾರೆ. ವಿದ್ಯಾರ್ಥಿಗೆ ಇಬ್ಬರು ಮಾರ್ಗದರ್ಶಕರಿರುವುದು ಈ ಕಾರ್ಯಕ್ರಮದ ವಿಶೇಷ: ಒಬ್ಬರು ಜೀವವಿಜ್ಞಾನದ ಕಡೆಯವರು, ಇನ್ನೊಬ್ಬರು ಎಂಜಿನಿಯರಿಂಗ್ ಅಥವಾ ಭೌತವಿಜ್ಞಾನದ ಕಡೆಯವರು. ಪಿ.ಯು.ಸಿ.ಯಲ್ಲೇ ಜೀವಶಾಸ್ತ್ರವನ್ನೋ ಗಣಿತವನ್ನೋ ಕೈಬಿಟ್ಟು ಮುಂದೆ ಹೋದವರು ಇಲ್ಲಿ ಬಿಟ್ಟುಹೋದುದನ್ನು ಮತ್ತೆ ಕಲಿಯಬೇಕಾಗುತ್ತದೆ.

ಸಂಸ್ಥೆಯ ಆವರಣದಲ್ಲಿ ವೈದ್ಯಕೀಯ ಸ್ನಾತಕೋತ್ತರ ಶಾಲೆ ಮತ್ತು ಆಸ್ಪತ್ರೆಯನ್ನು ಕಟ್ಟಲು 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ರೂಪಾಯಿಗಳ ದಾನ ಪ್ರಕಟಿಸಿದರು. ವೈದ್ಯಪದವಿ ಮತ್ತು ಸಂಶೋಧನಾ ಪದವಿಗಳನ್ನು ಕೂಡಿಸಿದ ವ್ಯಾಸಂಗ ಅದರ ಉದ್ದೇಶಗಳಲ್ಲೊಂದು.