ರೀಕಾಲ್ ಇಲ್ಲದೆ ಇಂಜಿನ್ ರಿಪೇರಿ: ಕಾರು ಕಂಪನಿಗಳ ಸದ್ದಿಲ್ಲದ ದಾರಿ

ಬ್ರೇಕ್ ಅಥವಾ ಏರ್‌ಬ್ಯಾಗ್‌ನಲ್ಲಿ ದೋಷ ಕಂಡುಬಂದಾಗ ಕಂಪನಿಯು ಸಾವಿರಾರು ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. ಆದರೆ ಇಂಜಿನ್ ಅಕಾಲದಲ್ಲಿ ಕೆಟ್ಟು, ಮಾಲೀಕನ ಮೇಲೆ ದೊಡ್ಡ ಮೊತ್ತದ ಹೊರೆ ಬಿದ್ದಾಗ ಅಂಥ ಪ್ರಕಟಣೆ ಹೊರಬೀಳುವುದು ಅಪರೂಪ. ಏಕೆ?

ಉತ್ತರ ಕಾನೂನಿನ ವ್ಯಾಖ್ಯೆಯಲ್ಲಿದೆ. ಅಮೆರಿಕದಲ್ಲಿ 1966ರ ವಾಹನ ಸುರಕ್ಷತಾ ಕಾಯ್ದೆಯ ಪ್ರಕಾರ ರೀಕಾಲ್ ಕಡ್ಡಾಯವಾಗುವುದು ದೋಷವು ಸುರಕ್ಷತೆಗೆ ಸಂಬಂಧಿಸಿದ್ದಾಗ ಅಥವಾ ವಾಹನವು ಸುರಕ್ಷತಾ ಮಾನದಂಡಕ್ಕೆ ಹೊಂದದಿದ್ದಾಗ. ಇಂಜಿನ್ ಸವೆದರೆ ಅದು ಜೇಬಿಗೆ ಪೆಟ್ಟು. ಜೀವಕ್ಕೆ ಅಪಾಯವೆಂದು ಸಾಬೀತಾಗದ ಹೊರತು ರೀಕಾಲ್‌ನ ವ್ಯಾಪ್ತಿಗೆ ಬರುವುದಿಲ್ಲ. ಆಗ ಕಂಪನಿಗಳು ಬೇರೆ ಮಾರ್ಗ ಹಿಡಿಯುತ್ತವೆ: ಡೀಲರ್‌ಗಳಿಗೆ ತಾಂತ್ರಿಕ ಸೂಚನೆ ಕಳುಹಿಸುವುದು, ವಾರಂಟಿ ವಿಸ್ತರಿಸುವುದು ಅಥವಾ ದೂರು ನೀಡಿದವರಿಗೆ ಮಾತ್ರ ಸದ್ಭಾವನೆಯ ಹೆಸರಿನಲ್ಲಿ ರಿಯಾಯಿತಿ ನೀಡುವುದು. ಕೊನೆಯ ಮಾರ್ಗದಲ್ಲಿ ಕೇಳಿದವನಿಗೆ ರಿಪೇರಿ ಉಚಿತ, ಸುಮ್ಮನಿದ್ದವನಿಗೆ ಪೂರ್ತಿ ಬಿಲ್.

ಟೊಯೋಟಾ ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. 1997ರಿಂದ 2002ರವರೆಗಿನ ಮಾದರಿಯ ಕ್ಯಾಮ್ರಿ, ಸಿಯೆನ್ನಾ ಮುಂತಾದ ಕಾರುಗಳ ಕೆಲವು ಇಂಜಿನ್‌ಗಳಲ್ಲಿ ಆಯಿಲ್ ಗಟ್ಟಿಯಾಗಿ ಕೆಸರಿನಂತಾಗುತ್ತಿತ್ತು. ಈ ಕೆಸರು ಆಯಿಲ್ ಹರಿವನ್ನು ತಡೆದರೆ ಬೇರಿಂಗ್‌ಗಳು ಒಣಗಿ ಇಂಜಿನ್ ಜಾಮ್ ಆಗುತ್ತದೆ. ಮಾಲೀಕರು ಸಕಾಲದಲ್ಲಿ ಆಯಿಲ್ ಬದಲಿಸದಿರುವುದೇ ಕಾರಣ ಎಂಬುದು ಕಂಪನಿಯ ವಾದವಾಗಿತ್ತು. ದೂರುಗಳು ಹೆಚ್ಚಿದಾಗ 2002ರಲ್ಲಿ ಅದು ಸುಮಾರು 33 ಲಕ್ಷ ವಾಹನಗಳಿಗೆ ವಿಶೇಷ ಯೋಜನೆ ಪ್ರಕಟಿಸಿತು. ಮೊದಲ ಮಾರಾಟದಿಂದ 8 ವರ್ಷಗಳವರೆಗೆ, ಎಷ್ಟೇ ದೂರ ಓಡಿದ್ದರೂ, ಈ ತೊಂದರೆಯ ರಿಪೇರಿ ಉಚಿತ ಎಂದಿತು. ಆದರೆ ಆಯಿಲ್ ಬದಲಿಸಿದ್ದಕ್ಕೆ ಪುರಾವೆ ಕೇಳಿತು. ರೀಕಾಲ್ ಎಂಬ ಪದ ಅಲ್ಲಿರಲಿಲ್ಲ. ಮಾಲೀಕರು ಹೂಡಿದ ಸಾಮೂಹಿಕ ದಾವೆ 2007ರಲ್ಲಿ ರಾಜಿಯಲ್ಲಿ ಮುಗಿಯಿತು.

ಇಂಥ ಯೋಜನೆಗಳು ಗುಟ್ಟಾಗಿ ಉಳಿಯಬಾರದೆಂದು ಕ್ಯಾಲಿಫೋರ್ನಿಯಾ ರಾಜ್ಯ 1993ರಲ್ಲೇ ಕಾನೂನು ರೂಪಿಸಿದೆ. ಅದರಂತೆ ಯೋಜನೆ ಜಾರಿಗೊಳಿಸಿದ 90 ದಿನಗಳೊಳಗೆ ಅರ್ಹ ಮಾಲೀಕರಿಗೆ ಅಂಚೆಯ ಮೂಲಕ ತಿಳಿಸಬೇಕು.

ಆದರೆ ಇಂಜಿನ್ ದೋಷ ಯಾವಾಗಲೂ ಕೇವಲ ಖರ್ಚಿನ ವಿಷಯವಲ್ಲ. ಹ್ಯುಂಡೈ ಕಂಪನಿಯ ಥೀಟಾ-2 ಇಂಜಿನ್‌ನಲ್ಲಿ ತಯಾರಿಕೆಯ ವೇಳೆ ಉಳಿದ ಲೋಹದ ಚೂರುಗಳು ಆಯಿಲ್ ಹರಿವಿಗೆ ಅಡ್ಡಿಯಾಗಿ, ಓಡುತ್ತಿರುವಾಗಲೇ ಕಾರು ನಿಲ್ಲುವ ಅಪಾಯವಿತ್ತು. ಕಂಪನಿ 2015ರಲ್ಲಿ ಅಮೆರಿಕದಲ್ಲಿ ಮೊದಲ ರೀಕಾಲ್ ಘೋಷಿಸಿತು. ದೋಷದ ನಿಜವಾದ ವ್ಯಾಪ್ತಿಯನ್ನು ಮರೆಮಾಚಲಾಗಿದೆ ಎಂದು ಕಂಪನಿಯ ಇಂಜಿನಿಯರ್ ಕಿಮ್ ಗ್ವಾಂಗ್-ಹೊ 2016ರಲ್ಲಿ ಅಮೆರಿಕದ ಅಧಿಕಾರಿಗಳಿಗೆ ದಾಖಲೆ ಒದಗಿಸಿದರು. ರೀಕಾಲ್ ವಿಳಂಬವಾಯಿತೆಂಬ ಆರೋಪದ ಮೇಲೆ 2020ರಲ್ಲಿ ಹ್ಯುಂಡೈ 14 ಕೋಟಿ ಹಾಗೂ ಕಿಯಾ 7 ಕೋಟಿ ಡಾಲರ್ ದಂಡದ ಒಪ್ಪಂದಕ್ಕೆ ಬಂದವು. ಮರುವರ್ಷ ಕಿಮ್ ಅವರಿಗೆ 2.4 ಕೋಟಿ ಡಾಲರ್‌ಗೂ ಹೆಚ್ಚಿನ ಬಹುಮಾನ ದೊರೆಯಿತು.

ನಮ್ಮ ದೇಶದಲ್ಲೇನು ಸ್ಥಿತಿ? 2012ರಲ್ಲಿ ವಾಹನ ತಯಾರಕರ ಸಂಘಟನೆ ಸಿಯಾಮ್ ಸ್ವಯಂಪ್ರೇರಿತ ರೀಕಾಲ್ ಸಂಹಿತೆ ತಂದಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 110ಎ ಕಲಮು ಸರ್ಕಾರಕ್ಕೇ ರೀಕಾಲ್ ಆದೇಶಿಸುವ ಅಧಿಕಾರ ನೀಡಿತು. 2021ರ ಏಪ್ರಿಲ್‌ನಿಂದ ನಿಯಮಗಳು ಜಾರಿಗೆ ಬಂದಿದ್ದು, 1 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಆದರೆ ಇಲ್ಲಿಯೂ ದೋಷವೆಂದರೆ ಪರಿಸರಕ್ಕೆ ಅಥವಾ ರಸ್ತೆ ಸುರಕ್ಷತೆಗೆ ಧಕ್ಕೆ ತರುವಂಥದ್ದು. ಜೇಬು ಖಾಲಿ ಮಾಡುವ ಇಂಜಿನ್ ಇಲ್ಲಿಯೂ ಹೊರಗೇ ಉಳಿಯುತ್ತದೆ.

ಹೀಗಾಗಿ ಮಾಲೀಕನ ಎಚ್ಚರವೇ ಅವನಿಗೆ ರಕ್ಷೆ. ಪ್ರತಿ ಸರ್ವಿಸ್‌ನ ಬಿಲ್ಲನ್ನೂ, ಮುಖ್ಯವಾಗಿ ಆಯಿಲ್ ಬದಲಾವಣೆಯ ದಾಖಲೆಯನ್ನು ಕಾಪಾಡಿಕೊಳ್ಳಿ. ತೊಂದರೆ ಕಂಡ ಕೂಡಲೇ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ ಲಿಖಿತ ದೂರು ನೀಡಿ, ಸ್ವೀಕೃತಿ ಪಡೆಯಿರಿ. ನಿಮ್ಮ ಮಾದರಿಗೆ ಕಂಪನಿಯಿಂದ ತಾಂತ್ರಿಕ ಸೂಚನೆ ಅಥವಾ ವಾರಂಟಿ ವಿಸ್ತರಣೆ ಬಂದಿದೆಯೇ ಎಂದು ನೇರವಾಗಿ ವಿಚಾರಿಸಿ. ನ್ಯಾಯ ಸಿಗದಿದ್ದರೆ, ವ್ಯಾಜ್ಯದ ಕಾರಣ ಉಂಟಾದ 2 ವರ್ಷಗಳೊಳಗೆ ಗ್ರಾಹಕ ಆಯೋಗದ ಮೊರೆ ಹೋಗಬಹುದು. ಸದ್ದಿಲ್ಲದೆ ನೀಡುವ ಸೌಲಭ್ಯ, ಸದ್ದು ಮಾಡಿ ಕೇಳಿದವರಿಗೆ ಮಾತ್ರ ಸಿಗುತ್ತದೆ.